ಚೋಟಿನಾಚೆ

ಹೆಸರು ವಾರಿಜಾಕ್ಷಿ. ನಗಬೇಡಿ,
ಶಾಲೆಯಲ್ಲೇ ಎಲ್ಲರೂ ನಕ್ಕು ಮುಗಿಸಿದ್ದಾರೆ:
ಸೋಡಾಬುಡ್ಡಿ ವಾರಿಜಾಕ್ಷಿ. ಮೈನಸ್ ಆರೂವರೆ.

ಸಾಗರದ ಬಸ್ಸಿಳಿದು, ದುರ್ಗಿಗುಡಿಯಲ್ಲಿ
ಮೂರನೇ ಮಹಡಿಯ ಕಣ್ಣಿನ ಆಸ್ಪತ್ರೆಯಲ್ಲಿ
ಗದ್ದ ಊರಿ ಹಣೆ ಒತ್ತಿ ಕೂತಿದ್ದೇನೆ.
ಯಂತ್ರದೊಳಗೊಂದು ಬಲೂನು,
ಮಸುಕಾಗಿ, ತಿಳಿಯಾಗಿ, ಮತ್ತೆ ಮಸುಕಾಗಿ.
ಶಿಫಾ ಎಂಬ ಹುಡುಗಿ ಅಂಕಿ ಬರೆದುಕೊಂಡಳು:
ಕಾರ್ನಿಯಾ ಬಲಕ್ಕೆ ಐನೂರ ಹನ್ನೆರಡು,
ಎಡಕ್ಕೆ ಐನೂರ ನಾಲ್ಕು ಮೈಕ್ರಾನು.
ಅಂದರೆ ಎಷ್ಟು?
ಅರ್ಧ ಮಿಲಿಮೀಟರು, ಅಕ್ಕ.

ಅರ್ಧ ಮಿಲಿಮೀಟರು ನನಗೆ ಗೊತ್ತು.
ಗುಡಿಗಾರರ ಮನೆಯವಳು,
ಗಂಧದ ಹಾರಕ್ಕೆ ಸಿಪ್ಪೆ ತೆಗೆಯುವವಳು ನಾನು;
ಅಷ್ಟರಲ್ಲಿ ಐದು ಎಸಳು ಎಬ್ಬಿಸಿದ ಕೈ ಇದು.

ಡಾಕ್ಟರು ಒಳ್ಳೆಯವರು, ಚಿತ್ರ ಬರೆದು ಹೇಳಿದರು:
ಮೇಲಿನ ಪದರ ಎಬ್ಬಿಸಿ, ಬದಿಗೆ ಮಡಿಚಿ,
ಕೆಳಗೆ ಬೆಳಕಿನಿಂದ ಕೆತ್ತಿ, ಮತ್ತೆ ಮುಚ್ಚುತ್ತೇವೆ.
ಹೊಲಿಗೆ ಇಲ್ಲ.
ಉಳಿ ಜಾರಿದರೆ? ಬಾಯಿಗೆ ಬಂದೇಬಿಟ್ಟಿತು.
ಜಾರಲ್ಲ, ಕಣ್ಣು ಅಲುಗಿದರೆ ಯಂತ್ರವೇ ನಿಲ್ಲುತ್ತೆ.
ನಮ್ಮಪ್ಪನ ಉಳಿ ನಲವತ್ತು ವರ್ಷಕ್ಕೆ
ಎರಡೇ ಸಲ ಜಾರಿದ್ದು. ಎರಡನ್ನೂ
ಗೂಡಿನಲ್ಲಿ ಇಟ್ಟುಕೊಂಡಿದ್ದ:
ಸೊಂಡಿಲಿಲ್ಲದ ಗಣಪತಿ, ಬೆರಳಿಲ್ಲದ ಸರಸ್ವತಿ.
ಈ ಕೆಲಸಕ್ಕೆ ರಬ್ಬರಿಲ್ಲ ಮಗಾ, ಅನ್ನುತ್ತಿದ್ದ.

ಒಪ್ಪಿಗೆ ಪತ್ರ ನಾಲ್ಕು ಪುಟ.
ಕಣ್ಣು ಒಣಗಬಹುದು, ತಿಂಗಳುಗಟ್ಟಲೆ ಹನಿ ಬೇಕಾಗಬಹುದು.
ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು.
ನಂಬರು ಮರಳಿ ಬರಬಹುದು.
ಅಪರೂಪಕ್ಕೆ, ಎಂದು ಶುರುವಾಗುವ ಸಾಲನ್ನು
ಎರಡು ಸಲ ಓದಿದೆ.
ಅಪರೂಪ ಅನ್ನುವುದೂ ಯಾರದೋ ಹೆಸರಲ್ಲವೆ.

ತಕ್ಕಡಿಯ ಆಚೆ ಬದಿಗೆ:
ಬಚ್ಚಲಲ್ಲಿ ಸೋಪು ಯಾವುದು, ಕಾಲುಜ್ಜುವ ಕಲ್ಲು ಯಾವುದು
ಎಂದು ಮುಟ್ಟದೆಯೂ ತಿಳಿಯುವುದು.
ಗಾಜಿನ ಮೇಲೆ ಕೂರುವ ಗಂಧದ ಪುಡಿ,
ಬೆವರಿಗೆ ಜಾರುವ ಫ್ರೇಮು, ಮೂಗಿನ ಎರಡು ಕಪ್ಪು ಕುಳಿ.
ತಂಗಿ ಮಗಳು ಶ್ರಾವ್ಯ, ಪೊಲೀಸ್ ಆಯ್ಕೆಗೆಂದು ಮಾಡಿಸಿಕೊಂಡವಳು,
ಮರುದಿನ ಹಾಸಿಗೆಯಿಂದಲೇ ಗೋಡೆ ಗಡಿಯಾರ ನೋಡಿ
ಆರೂ ಹತ್ತು! ಎಂದು ಕೂಗಿ ಮನೆಯನ್ನೆಲ್ಲ ಎಬ್ಬಿಸಿದ್ದು.
ಮತ್ತೆ ಆ ಹಳೆಯದು:
ಫೋಟೋಗೆ ಚೆನ್ನಾಗಿರಲ್ಲ ಅಂತ ಸೋದರತ್ತೆ
ಮಂಟಪದಲ್ಲಿ ಕನ್ನಡಕ ಕಿತ್ತುಕೊಂಡದ್ದು,
ಅಂತರಪಟ ಎಲ್ಲರಿಗೂ ಸರಿದು ನನಗೆ ಮಾತ್ರ ಸರಿಯದೆ
ಪೇಟ ಕಟ್ಟಿದ ಒಂದು ಮಸುಕಿಗೆ ಹಾರ ಹಾಕಿದ್ದು.

ನಿಮಗೆ ನಲವತ್ತೆರಡು, ಅಂದರು ಡಾಕ್ಟರು ಕೊನೆಗೆ.
ದೂರ ತಿಳಿಯಾದರೆ ಹತ್ತಿರಕ್ಕೆ ಕನ್ನಡಕ ಬೇಕಾಗುತ್ತೆ.
ಯಾವ ಹತ್ತಿರಕ್ಕೆ?
ಪುಸ್ತಕ, ಸೂಜಿ, ಅಕ್ಕಿ ಆರಿಸೋದು.
ಉಳಿ ಅನ್ನಲಿಲ್ಲ ಅವರು. ನಾನೂ ಹೇಳಲಿಲ್ಲ.

ಪಾಪೆ ಹಿಗ್ಗಿಸಿದ ಹನಿ ಇನ್ನೂ ಇಳಿದಿರಲಿಲ್ಲ.
ಕುಂಸಿ ದಾಟುವಾಗ ಕತ್ತಲು,
ಎದುರು ಬರುವ ಲಾರಿಗೆಲ್ಲ ಬೆಳಕಿನ ಬಳೆ.
ಕನ್ನಡಕ ಹಾಕಿಯೇ ಇದ್ದೆ. ಬಸ್ಸಿನ ಮುಂದಿನ ಬೋರ್ಡು ಕಂಡಿತು,
ಕೈಯಲ್ಲಿದ್ದ ಟಿಕೆಟ್ಟು ಕಾಣಲಿಲ್ಲ,
ಅಂಕಿಯೆಲ್ಲ ಇರುವೆ ಸಾಲು.
ಓ, ಇದೇನಾ ಆಮೇಲಿನ ಕಣ್ಣು.
ಕನ್ನಡಕ ತೆಗೆದೆ. ಟಿಕೆಟ್ಟನ್ನು ಎತ್ತಿ ತಂದೆ,
ಹೆಬ್ಬೆರಳು ತೋರುಬೆರಳು ಅಗಲಿಸಿದಷ್ಟು ದೂರಕ್ಕೆ,
ಒಂದು ಚೋಟಿಗೆ.
ಅಲ್ಲಿ ಲೋಕ ನಿಂತ ರೀತಿ ನೋಡಬೇಕು:
ಚುಕ್ಕಿ ಚುಕ್ಕಿಯಾಗಿ ಕೂತ ಅಕ್ಷರ, ಕಾಗದದ ನಾರು,
ನನ್ನ ಬೆರಳ ಗೆರೆಯೊಳಗೆ ನಿನ್ನೆಯ ಗಂಧ.
ಯಾರೋ ಕಣ್ಣೊಳಗೆ ಇಟ್ಟು ಮರೆತ ಉಳಿ,
ಅದನ್ನು ತೆಗೆಸಲು ಎಂಬತ್ತೈದು ಸಾವಿರ.

ಬಾಗಿಲು ತೆಗೆದವನು ಏನಂದ್ರು ಅಂದ.
ನಿಲ್ಲು, ಅಂದೆ. ಕನ್ನಡಕವಿಲ್ಲದೆ ಹತ್ತಿರ ಹೋದೆ,
ಮಸುಕು, ಪೇಟವಿಲ್ಲದ ಮಸುಕು, ಮತ್ತೂ ಹತ್ತಿರ,
ಎಡಗೆನ್ನೆಯಲ್ಲಿ ಬ್ಲೇಡಿಗೆ ತಪ್ಪಿಸಿಕೊಂಡ
ಮೂರು ಬಿಳಿ ಕೂದಲು.
ಏನೇ ಇದು, ಅಂದ.

ಸೋಮವಾರ ಫೋನ್ ಮಾಡಿ ಅಂದಿದ್ದಾರೆ.
ಪತ್ರ ಉಳಿಪೆಟ್ಟಿಗೆಯ ಕೆಳಗಿದೆ,
ಸಹಿಯೂ ಇಲ್ಲ, ಹರಿದೂ ಇಲ್ಲ.
ಇವತ್ತು ಬೆಳಗ್ಗೆ ಬಚ್ಚಲಲ್ಲಿ
ಮತ್ತೆ ಕಲ್ಲಿಗೇ ನೊರೆ ಬರಿಸಲು ಹೊರಟಿದ್ದೆ.